ಬೆಕೆಲೆಯವರ ಏಳು ಮನೆ

ಅಡಿಸ್ ಅಬಾಬಾ

ಚಿಕ್ಕೋಡಿ ಕೋರ್ಟಿನ ಕಾಂಪೌಂಡಿನಲ್ಲಿ, ಬೇವಿನ ಗಿಡದ ಕೆಳಗೆ ಟೇಬಲ್ ಹಾಕಿಕೊಂಡು, ಮೂವತ್ತೊಂದು ವರ್ಷ ಜನರ ಹೆಸರು ಬರೆದವನು ನಾನು. ಬಾಂಡ್ ರೈಟರ್. ಆಧಾರ್ ಕಾರ್ಡಿನಲ್ಲಿ ರಾವಸಾಹೇಬ, ಹೊಲದ ಪಹಣಿ ಉತಾರದಲ್ಲಿ ರಾಯಪ್ಪ, ಶಾಲೆಯ ದಾಖಲೆಯಲ್ಲಿ ರಾಯು. ಈ ಮೂವರೂ ಒಬ್ಬನೇ ಮನುಷ್ಯ ಎಂದು ಅಫಿಡವಿಟ್ ಮಾಡಿಕೊಡುವುದು ನನ್ನ ದಿನದ ಕೆಲಸ. ಹೀಗಾಗಿ ಹೆಸರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಹಮ್ಮು ನನ್ನಲ್ಲಿತ್ತು. ಇಥಿಯೋಪಿಯಾಕ್ಕೆ ಕಾಲಿಟ್ಟ ಎರಡನೆಯ ದಿನವೇ ಅದು ಅರ್ಧ ಇಳಿಯಿತು. ಉಳಿದರ್ಧ ಇಳಿಯಲು ಇನ್ನೊಂದು ದಿನ ಸಾಕಾಯಿತು.

ಹೋದದ್ದು ದೇಶ ನೋಡಲಿಕ್ಕಲ್ಲ. ಮಗಳು ಅಶ್ವಿನಿ ಧಾರವಾಡದಲ್ಲಿ ತೋಟಗಾರಿಕೆ ಓದುವಾಗ, ಮಣ್ಣಿನ ವಿಷಯ ಓದಲು ಅಲ್ಲಿಗೆ ಬಂದಿದ್ದ ದಾವಿತ್ ಬೆಕೆಲೆ ಎಂಬ ಇಥಿಯೋಪಿಯಾದ ಹುಡುಗನ ಪರಿಚಯವಾಯಿತು. ಓದು ಮುಗಿದ ಮೇಲೆ ಅವಳು ಅವನ ದೇಶದಲ್ಲೇ, ದೆಬ್ರೆ ಬಿರ್ಹಾನ್ ಎಂಬ ಊರಿನ ಹತ್ತಿರದ ಒಂದು ನರ್ಸರಿಯಲ್ಲಿ ಕೆಲಸ ಹಿಡಿದಳು. ಎರಡು ವರ್ಷದ ನಂತರ ಫೋನ್ ಮಾಡಿ, ಮದುವೆಯಾದರೆ ಅವನನ್ನೇ ಎಂದಳು. ನಾನು ಆರು ತಿಂಗಳು ಸಿಟ್ಟು ಮಾಡಿದೆ. ಸಿಟ್ಟು ಮಾಡಿ ಮಾಡಿ ನನಗೇ ಬೇಸರ ಬಂದು ಒಪ್ಪಿದೆ. ಆಮೇಲೆ ತಿಳಿಯಿತು, ನನ್ನ ಒಪ್ಪಿಗೆಯಿಂದ ಏನೂ ಮುಗಿಯುವುದಿಲ್ಲ, ಹುಡುಗನ ಅಪ್ಪ ಒಪ್ಪಬೇಕು. ಹುಡುಗಿಯ ತಂದೆತಾಯಿ ಬಂದು ಹಿರಿಯರ ಮುಂದೆ ಮಾತಾಡಲಿ, ಆಮೇಲೆ ನೋಡೋಣ ಎಂದು ಅವರು ಹೇಳಿ ಕಳಿಸಿದ್ದರು. ಅಪ್ಪನ ಮಾತು ಮೀರಿ ತಾನು ಮದುವೆಯಾಗುವುದಿಲ್ಲ ಎಂದು ದಾವಿತ್ ಅಶ್ವಿನಿಗೆ ಮೊದಲೇ ಹೇಳಿಬಿಟ್ಟಿದ್ದ. ಹಾಗಾಗಿ ನಾನು ಮತ್ತು ನನ್ನ ಹೆಂಡತಿ ಸುಮಿತ್ರಾ, ಚಟ್ನಿಪುಡಿ, ಮಸಾಲೆ ಖಾರ, ಎರಡು ಇಳಕಲ್ಲ ಸೀರೆಗಳ ಸಮೇತ, ಆಫ್ರಿಕಾ ಖಂಡಕ್ಕೆ ಪರೀಕ್ಷೆ ಬರೆಯಲು ಹೊರಟೆವು.

ವಿಮಾನ ನಿಲ್ದಾಣಕ್ಕೆ ಮಗಳು, ದಾವಿತ್ ಇಬ್ಬರೂ ಬಂದಿದ್ದರು. ದಾವಿತ್ ಎತ್ತರದ, ಮಾತು ಕಡಿಮೆಯ ಹುಡುಗ. ಬಗ್ಗಿ ನಮಸ್ಕಾರ ಮಾಡಿ, "ಆರಾಮ ಅದೀರಿಲ್ರೀ? ಪ್ರಯಾಣ ತ್ರಾಸ ಆತ್ರಿ?" ಎಂದ. ಧಾರವಾಡದಲ್ಲಿ ಕಲಿತ ಕನ್ನಡ. ಸುಮಿತ್ರಾ ಅಲ್ಲಿಗೇ ಅರ್ಧ ಸೋತಳು.

ಕಾರಿನ ಡ್ರೈವರ್ ತನ್ನ ಹೆಸರು ತೆಸ್ಫಾಯೆ ಬೆಕೆಲೆ ಎಂದು ಹೇಳಿದ. ಓಹೋ, ಬೀಗರ ಮನೆತನದವನು ಎಂದುಕೊಂಡು ಅವನ ಕೈಯನ್ನು ಸ್ವಲ್ಪ ಜಾಸ್ತಿಯೇ ಕುಲುಕಿದೆ. ಇಳಿದುಕೊಂಡದ್ದು ಅವನ ಹೆಂಡತಿ ನಡೆಸುವ ಸಣ್ಣ ವಸತಿಗೃಹದಲ್ಲಿ. ಮರುದಿನ ಬೆಳಿಗ್ಗೆ ಗೋಡೆಯ ಮೇಲಿನ ಲೈಸೆನ್ಸಿನ ಇಂಗ್ಲಿಷ್ ಸಾಲುಗಳನ್ನು ಓದಿದೆ. ಗೋಡೆಯ ಮೇಲೆ ಕಾಗದ ಕಂಡರೆ ಓದದೆ ಮುಂದೆ ಹೋಗಲು ನನ್ನಿಂದಾಗುವುದಿಲ್ಲ. ಮಾಲೀಕರು: ಅಲ್ಮಾಜ್ ಬೆಕೆಲೆ. ಅಡ್ಡಹೆಸರು ಮದುವೆಯಿಂದ ಬಂದಿರಬೇಕು ಎಂದುಕೊಂಡೆ. ಕಾಫಿ ತಂದ ಆಕೆಯನ್ನು, ಮಾತಿಗಿರಲಿ ಎಂದು, ತವರುಮನೆಯ ಹೆಸರೇನು ಎಂದು ಕೇಳಿದೆ. ಹುಟ್ಟಿದಾಗಿನಿಂದ ಇದೇ ಹೆಸರು ಎಂದಳು ಆಕೆ.

ನಾನು ಕಾಫಿ ಕೆಳಗಿಟ್ಟೆ. ಗಂಡನೂ ಬೆಕೆಲೆ, ಹೆಂಡತಿ ಹುಟ್ಟಿನಿಂದಲೇ ಬೆಕೆಲೆ. ನಮ್ಮ ಕಡೆ ಒಂದೇ ಅಡ್ಡಹೆಸರು, ಒಂದೇ ಬೆಡಗು ಎಂದರೆ ಭಾವಕಿ, ಅಣ್ಣ-ತಂಗಿ ಲೆಕ್ಕ. ಅಥಣಿಯಿಂದ ನಿಪ್ಪಾಣಿಯವರೆಗೆ ಯಾವ ಮುದುಕಿಯನ್ನು ಕೇಳಿದರೂ ಇದನ್ನು ಹೇಳುತ್ತಾಳೆ.

"ಸುಮಿ, ಅಣ್ಣ-ತಂಗಿ ಲಗ್ನ ಆಗ್ಯಾರ ನೋಡ ಇಲ್ಲಿ," ಎಂದು ಪಿಸುಗುಟ್ಟಿದೆ.

"ಶಿವ ಶಿವಾ," ಎಂದು ಸುಮಿತ್ರಾ ಬ್ರೆಡ್ಡನ್ನು ತಟ್ಟೆಯಲ್ಲೇ ಬಿಟ್ಟಳು. "ಇಂಥಾ ಮಂದಿ ಕೈಯಾಗ ನಮ್ಮ ಹುಡುಗಿ ಕೊಡೂದೇನ್ರಿ?"

ದೆಬ್ರೆ ಬಿರ್ಹಾನ್ ರಸ್ತೆ

ನನ್ನ ಮುಖ ನೋಡಿ ಅಶ್ವಿನಿಗೆ ಸಂಶಯ ಬಂತು. ಕಾರಿನಲ್ಲಿ ಕೂತ ಮೇಲೆ ಕೇಳಿದಳು, ನಾನು ಹೇಳಿದೆ. ಅವಳು ನಗಲು ಸುರುಮಾಡಿದವಳು ಊರು ದಾಟುವವರೆಗೆ ನಿಲ್ಲಿಸಲಿಲ್ಲ. ದಾವಿತ್ ಅದನ್ನು ಡ್ರೈವರನಿಗೆ ಅವರ ಭಾಷೆಯಲ್ಲಿ ಹೇಳಿದ. ಆತ ಸ್ಟೇರಿಂಗ್ ಬಡಿದು ಬಡಿದು ನಕ್ಕ. ಸುಮಿತ್ರಾ ಸೆರಗು ಬಾಯಿಗೆ ಹಿಡಿದು ಕಿಟಕಿಯ ಹೊರಗೆ ನೋಡತೊಡಗಿದಳು.

"ಅಪ್ಪಾ, ಇಲ್ಲಿ ಅಡ್ಡಹೆಸರ ಇಲ್ಲ," ಎಂದಳು ಅಶ್ವಿನಿ. "ತನ್ನ ಹೆಸರು, ಅದರ ಮುಂದ ಅಪ್ಪನ ಹೆಸರು. ಮುಗೀತು. ತೆಸ್ಫಾಯೆ ಅವರ ಅಪ್ಪ ಒಬ್ಬ ಬೆಕೆಲೆ, ಅಲ್ಮಾಜ್ ಅವರ ಅಪ್ಪ ಇನ್ನೊಬ್ಬ ಬೆಕೆಲೆ. ದಾವಿತ್‌ನ ಅಪ್ಪ ಮೂರನೇ ಬೆಕೆಲೆ. ಯಾರಿಗೂ ಯಾರೂ ಸಂಬಂಧ ಇಲ್ಲ."

"ಹಂಗಾದ್ರ ದಾವಿತ್‌ನ ಮಕ್ಕಳು?"

"ದಾವಿತ್ ಅಂತಾರ. ಬೆಕೆಲೆ ಬಿದ್ದುಹೋಗ್ತದ."

ದಾವಿತ್ ಹಿಂದೆ ತಿರುಗಿ ತನ್ನ ಕನ್ನಡದಲ್ಲಿ ವಿವರಿಸಿದ. ಬೆಕೆಲೆ ಎಂದರೆ 'ಮೊಳೆಯಿತು' ಎಂದು ಅರ್ಥವಂತೆ. ಬಿತ್ತಿದ್ದು ನೆಲ ಒಡೆದು ಮೇಲೆ ಬಂದರೆ ಹೇಳುವ ಮಾತು. ಅದನ್ನೇ ಗಂಡುಮಗುವಿಗೆ ಇಡುತ್ತಾರೆ, ಹೆಣ್ಣಾದರೆ ಬೆಕೆಲೆಚ್. ಅಮ್ಹಾರಾ ಜನರಲ್ಲೂ ಇದೆ, ಒರೊಮೋ ಜನರಲ್ಲೂ ಇದೆ. ಶಾಲೆಯಲ್ಲಿ ಅವನ ತರಗತಿಯಲ್ಲೇ ನಾಲ್ಕು ಮಂದಿಗೆ ಬೆಕೆಲೆ ಎಂಬ ಅಪ್ಪಂದಿರಿದ್ದರಂತೆ. ಮಾಸ್ತರು ಬೆಕೆಲೆ ಎಂದು ಕೂಗುವ ಪ್ರಶ್ನೆಯೇ ಇಲ್ಲ, ಏಕೆಂದರೆ ಬೆಕೆಲೆ ಎಂದರೆ ಮನೆಯಲ್ಲಿರುವ ಅಪ್ಪ. ನಾನು ನಿನ್ನೆಯಿಂದ ಈ ಹುಡುಗನನ್ನು ಗೌರವದಿಂದ "ಮಿಸ್ಟರ್ ಬೆಕೆಲೆ" ಎನ್ನುತ್ತಿದ್ದೆ. ಆತ ಪಾಪ, ಪ್ರತಿಸಲ ಅಪ್ಪನ ಪರವಾಗಿ ಓಗೊಡುತ್ತಿದ್ದ.

ಹೆಸರು ಗಟ್ಟಿಯಾಗುವುದು ಗಡಿ ದಾಟಿದಾಗ ಮಾತ್ರ ಎಂದ ದಾವಿತ್. ಅವನ ಅಣ್ಣ ಸ್ವೀಡನ್ನಿನಲ್ಲಿ ಬಸ್ಸು ಓಡಿಸುತ್ತಾನೆ. ಅಲ್ಲಿಯ ಕಾಗದಪತ್ರದಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಡುವಂತಿಲ್ಲ. ಅವನು ಅಪ್ಪನ ಹೆಸರು ಬರೆದ. ಅವನ ಮಕ್ಕಳಿಗೂ ಅದೇ ಬಂತು. ಮುಂದೆ ಅವರ ಮಕ್ಕಳಿಗೂ ಅದೇ. "ನಮ್ಮ ಅಪ್ಪಾರು ನಗತಾರ್ರಿ. ನಾ ಇಲ್ಲಿ ಇನ್ನೂ ಹೊಲದಾಗ ಅದೀನಿ, ಅಲ್ಲಿ ನನ್ನ ಹೆಸರು ಆಗಲೇ ಕಲ್ಲಾಗೇದ ಅಂತಾರ."

ನಾನು ನಮ್ಮ ಅಡ್ಡಹೆಸರಿನ ಬಗ್ಗೆ ಯೋಚಿಸಿದೆ. ನಾವು ಹಿಪ್ಪರಗಿ. ಉಗಾರ ಬುದ್ರುಕದಲ್ಲಿ ಎಷ್ಟು ತಲೆಮಾರಿನಿಂದ ಕಬ್ಬು ಬೆಳೆಯುತ್ತಿದ್ದೇವೋ ಗೊತ್ತಿಲ್ಲ, ಹೆಸರು ಮಾತ್ರ ಹಿಪ್ಪರಗಿ. ಯಾವನೋ ಒಬ್ಬ ಅಜ್ಜ ಆ ಊರಿನಿಂದ ಬಂದಿರಬೇಕು. ಏಕೆ ಬಂದ, ಅವನ ಹೆಸರೇನು ಎಂದು ಯಾರಿಗೂ ಗೊತ್ತಿಲ್ಲ. ಇನ್ನೊಂದನ್ನೂ ಅಶ್ವಿನಿ ಹೇಳಿದಳು. ಇಲ್ಲಿ ಮದುವೆಯಾದರೂ ಹೆಂಗಸಿನ ಹೆಸರು ಬದಲಾಗುವುದಿಲ್ಲ. ನರ್ಸರಿಯಲ್ಲಿ ಅವಳನ್ನು ಅಶ್ವಿನಿ ಬಾಳಪ್ಪ ಎಂದೇ ಬರೆದುಕೊಂಡಿದ್ದಾರೆ, ಸಾಯುವತನಕ ಹಾಗೆಯೇ ಇರುತ್ತದೆ. ಬಾಳಪ್ಪ ನಾನು. ನನಗೆ ಖುಷಿಯಾಯಿತು, ತೋರಿಸಿಕೊಳ್ಳಲಿಲ್ಲ.

"ನಮ್ಮ ಲಗ್ನದಾಗ ಅಕ್ಕಿ ಪರಾತದಾಗ ಉಂಗುರಲೆ ಹೆಸರ ಬರೆಸಿ, ನಂದು ಬದಲಿ ಮಾಡಿದ್ರಿ," ಎಂದಳು ಸುಮಿತ್ರಾ ಕಿಟಕಿಯಿಂದ ಮುಖ ತಿರುಗಿಸದೆ. "ನಾ ತವರಮನ್ಯಾಗ, ಶೇಡಬಾಳದಾಗ ಚಂಪಾ ಇದ್ದೆ."

ಹೌದು, ಇದ್ದಳು. ಹೊರಗೆ ಬಾರ್ಲಿ ಹೊಲ, ನೀಲಗಿರಿ ಮರ, ಕುರಿಹಿಂಡು. ಕುರಿ ಕಾಯುವವರು ಹೆಗಲ ಮೇಲೆ ಕೋಲನ್ನು ಅಡ್ಡ ಇಟ್ಟು ಎರಡೂ ಕೈ ಅದರ ಮೇಲೆ ಜೋತುಬಿಟ್ಟಿದ್ದರು. ರಾಯಬಾಗದ ರಸ್ತೆಯಲ್ಲೂ ಕುರುಬರು ಹೀಗೆಯೇ ನಿಲ್ಲುತ್ತಾರೆ.

ದೆಬ್ರೆ ಬಿರ್ಹಾನ್

ಇದು ಎತ್ತರದ ಊರು, ಚಳಿ ಬಹಳ. ಉಣ್ಣೆಯ ಕಂಬಳಿಗೆ ಹೆಸರಾದ ಊರಂತೆ; ಹೆಸರಾಗದೆ ಬೇರೆ ದಾರಿ ಇರಲಿಲ್ಲ ಎಂದು ಇಳಿದ ಐದು ನಿಮಿಷದಲ್ಲಿ ತಿಳಿಯಿತು. ಅಶ್ವಿನಿಯ ಬಾಡಿಗೆ ಮನೆಯಲ್ಲಿ ನಾನು ಎರಡು ಕಂಬಳಿ, ಒಂದು ಮಫ್ಲರ್, ಒಂದು ಕಿವಿಟೋಪಿಯೊಳಗೆ ಕೂತೆ. ಅಲ್ಲಿಯ ಇಂಜೆರಾ ಎಂಬ ದೊಡ್ಡ ಹುಳಿರೊಟ್ಟಿಯನ್ನು ಸುಮಿತ್ರಾ ಬೆರಳಿನಿಂದ ಒತ್ತಿ ನೋಡಿ, ದ್ವಾಸಿ ಅರ್ಧ ಬೆಂದದ ಎಂದಳು. ಅದರ ಜೊತೆಗಿನ ಕಡಲೆಹಿಟ್ಟಿನ ಪಲ್ಯ ನಮ್ಮ ಝುಣಕದ ಅಣ್ಣನೇ ಇರಬೇಕು. ಅದನ್ನು ಮಾತ್ರ ಮೂರು ಸಲ ಹಾಕಿಸಿಕೊಂಡಳು.

ಮೂರನೆಯ ದಿನ ಬೆಳಿಗ್ಗೆ ಹಿರಿಯರು ಬಂದರು. ಬಿಳಿ ಶಾಲು ಹೊದ್ದು, ಕೋಲು ಹಿಡಿದ ಮೂವರು. ಒಬ್ಬರು ಪೇಟ ಸುತ್ತಿದ ಪಾದ್ರಿ, ಒಬ್ಬರು ನಿವೃತ್ತ ಶಾಲಾ ಮಾಸ್ತರು, ಇನ್ನೊಬ್ಬರು ದಾವಿತ್‌ನ ಅಪ್ಪ ಬೆಕೆಲೆ. ಬಿಸಿಲಿಗೆ ಸುಟ್ಟ ಮುಖ, ದೊಡ್ಡ ಕೈ. ನೋಡಿದ ಕೂಡಲೆ ಒಕ್ಕಲುತನದ ಮನುಷ್ಯ ಎಂದು ತಿಳಿಯಿತು.

"ಬರ್ರಿ, ಬರ್ರಿ, ಒಳಗ ಬರ್ರಿ, ಕುಂದರ್ರಿ," ಎಂದೆ.

ಒಳಗೆ ಬಂದರು, ಕೂಡಲಿಲ್ಲ. ಬಾಗಿಲ ಹತ್ತಿರವೇ ಸಾಲಾಗಿ ನಿಂತರು. ಸುಮಿತ್ರಾ ನೀರು ತಂದಳು, ಮುಟ್ಟಲಿಲ್ಲ. ಚಹಾ ತಂದಳು, ಅದನ್ನೂ ಮುಟ್ಟಲಿಲ್ಲ. ನಾನು ಅಶ್ವಿನಿಯ ಕಡೆ ತಿರುಗಿದೆ.

"ನೀ ಹುಡುಗಿ ಕೊಡತೇನಿ ಅನ್ನೂತನಕ ಅವರು ಕುಂದರಂಗಿಲ್ಲ ಅಪ್ಪಾ. ಇಲ್ಲೀ ಪದ್ಧತಿ," ಎಂದಳು ಅಶ್ವಿನಿ.

"ಹಂಗಾದ್ರ ಕೊಟ್ಟೆ ಅಂತ ಹೇಳಿಬಿಡು."

"ಅಷ್ಟ ಲಗೂ ಹೇಳಬಾರದು. ಸ್ವಲ್ಪ ಬಿಗಿ ಹಿಡೀಬೇಕು."

"ಎಷ್ಟೊತ್ತು?"

"ಅವರ ಕಾಲ ನೋಯೂತನಕ."

ನಾನು ಬಿಗಿ ಹಿಡಿದೆ. ಅವರು ಹುಡುಗನ ಗುಣ ಹೇಳಿದರು, ನಾನು ಹುಡುಗಿಯ ಗುಣ ಹೇಳಿದೆ. ಅಶ್ವಿನಿ ತನ್ನ ಹೊಗಳಿಕೆಯನ್ನು ತಾನೇ ಅನುವಾದ ಮಾಡುತ್ತ ಕೆಂಪಾದಳು. ಎಲ್ಲ ಸರಿಯಾಗಿಯೇ ನಡೆದಿತ್ತು. ಆಗ ಪಾದ್ರಿ ಏಳು ಮನೆಯ ಮಾತು ತೆಗೆದರು. ಅವರ ಪೈಕಿ ಗಂಡು-ಹೆಣ್ಣಿನ ನಡುವೆ ಏಳು ತಲೆಮಾರಿನ ತನಕ ರಕ್ತಸಂಬಂಧ ಇರಬಾರದಂತೆ. ಇಲ್ಲಿ ಇರಲು ಸಾಧ್ಯವೇ ಇಲ್ಲ, ಸಮುದ್ರವೇ ಅಡ್ಡ ಇದೆ. ಆದರೂ ಎಣಿಸುವುದು ಶಾಸ್ತ್ರ. ಬೆಕೆಲೆ ಕಣ್ಣು ಮುಚ್ಚಿ, ನೀರು ಕುಡಿದಷ್ಟು ಸುಲಭವಾಗಿ ಹೇಳಿದರು: "ದಾವಿತ್, ಬೆಕೆಲೆ, ತಾದೆಸೆ, ವೊಲ್ದೆ, ದೆಸ್ತಾ, ಕಾಸಾ, ಗೆಬ್ರೆ."

ನನ್ನ ಸರದಿ. "ಅಶ್ವಿನಿ, ಬಾಳಪ್ಪ, ಶಿವಪ್ಪ, ಗುರಪ್ಪ..." ಎಂದೆ. ಗಾಡಿ ಅಲ್ಲಿಗೆ ನಿಂತಿತು. ಊರಿನವರ ವಂಶಾವಳಿಗಳನ್ನೆಲ್ಲ ಬರೆದುಕೊಟ್ಟವನು, ಸ್ವಂತದ್ದು ಅಜ್ಜನಾಚೆ ಗೊತ್ತಿರಲಿಲ್ಲ. ಸ್ವಲ್ಪ ತಡೆದು, ಗಟ್ಟಿಯಾಗಿ, "ಹಿಪ್ಪರಗಿ!" ಎಂದೆ.

"ಅದು ಊರಲ್ಲಾ ಅಪ್ಪಾ?" ಎಂದಳು ಅಶ್ವಿನಿ.

ಪಾದ್ರಿ ಒಳ್ಳೆಯ ಮನುಷ್ಯ. ಚಿಂತೆಯಿಲ್ಲ, ತಾಯಿಯ ಕಡೆಯಿಂದ ಹೇಳಲಿ ಎಂದರು. ಅಲ್ಲಿ ನನಗೆ ದಾರಿ ಸಿಕ್ಕಿತು.

"ತಾಯಿ ಕಡಿಂದ ಬ್ಯಾರೆ ಹೇಳೂದು ಏನೂ ಇಲ್ರಿ," ಎಂದೆ, ಎದೆ ಮುಂದೆ ಮಾಡಿ. "ಆಕಿನೂ ನಮ್ಮ ಮನೀ ಹುಡುಗಿನ. ನನ್ನ ಸ್ವಂತ ಅಕ್ಕನ ಮಗಳು. ಹೊರಗಿನವರು ಯಾರೂ ಬಂದಿಲ್ಲ ನಮ್ಮಾಗ."

ಅಶ್ವಿನಿ ಅನುವಾದ ಮಾಡಲಿಲ್ಲ. ದಾವಿತ್ ಬಾಗಿಲ ಹೊರಗೆ ನಿಂತಿದ್ದವನು ತಲೆ ತಗ್ಗಿಸಿದ.

"ಹೇಳವಾ, ಅದರಾಗ ಮುಚ್ಚಿಡೂದು ಏನೈತಿ?" ಎಂದೆ. ನಿಜಕ್ಕೂ ನನಗೆ ಅಂಥದ್ದೇನಾದರೂ ಇದೆ ಎಂದು ಅನಿಸಿರಲಿಲ್ಲ. ಸೋದರಮಾವನಿಗೆ ಕೊಡುವುದು ನಮ್ಮಲ್ಲಿ ಮೊದಲ ಹಕ್ಕು. ನಮ್ಮ ಓಣಿಯಲ್ಲಿ ಎಣಿಸಿದರೆ ಎರಡು ಮನೆಗೊಂದು ಅಂಥ ಜೋಡಿ ಸಿಗುತ್ತದೆ. ಯಾರಿಗೂ ಹೇಳಬೇಡ ಎಂದು ಮಗಳು ಎಚ್ಚರಿಸಿರಲಿಲ್ಲ. ಅವಳಿಗೂ ಇದು ಎಚ್ಚರಿಸಬೇಕಾದ ವಿಷಯ ಎಂದು ಹೊಳೆದಿರಲಿಲ್ಲ.

ಅವಳು ಹೇಳಿದಳು. ಮಾಸ್ತರು ಎರಡನೇ ಸಲ ಕೇಳಿ ಖಾತ್ರಿ ಮಾಡಿಕೊಂಡರು. ಪಾದ್ರಿ ಶಿಲುಬೆಯನ್ನು ಕೈಯಲ್ಲಿ ಹಿಡಿದರು. ಬೆಕೆಲೆ ನನ್ನನ್ನು, ಸುಮಿತ್ರಾಳನ್ನು, ಮತ್ತೆ ನನ್ನನ್ನು ನೋಡಿ ನಿಧಾನವಾಗಿ ಏನೋ ಹೇಳಿದರು.

"ನಾವು ಏಳ ಮನಿ ದಾಟಿ ಮದುವಿ ಮಾಡತೇವಿ, ನೀವು ಒಂದ ಮನೀನೂ ದಾಟಿಲ್ಲ ಅಂತಾರ," ಎಂದಳು ಅಶ್ವಿನಿ. ದನಿ ಸಣ್ಣದಾಗಿತ್ತು. "ತಮ್ಮ ತಾಯಿನ್ನ ಕೇಳಿ ಹೇಳತಾರಂತ."

ಕೂಡದೆಯೇ ಹೋದರು. ಚಹಾದ ಮೇಲೆ ಕೆನೆ ಕಟ್ಟಿತ್ತು.

ಅದೇ ಊರು, ಎರಡು ದಿನ

ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ದಾವಿತ್ ಬಂದು ಮೆಟ್ಟಿಲ ಮೇಲೆ ಕೂತು, ಸೌದೆ ಒಡೆದಿಟ್ಟು, ಹೋಗುತ್ತಿದ್ದ. ಅಶ್ವಿನಿ ನರ್ಸರಿಗೆ ಹೋಗಿ ಬರುತ್ತಿದ್ದಳು. ನನ್ನ ಮೇಲೆ ರೇಗಿದ್ದರೆ ಅನುಕೂಲವಾಗುತ್ತಿತ್ತು. ರೇಗಲಿಲ್ಲ.

"ನಿನ್ನ ಮ್ಯಾಲ ಸಿಟ್ಟಿಲ್ಲ ಅಪ್ಪಾ. ಆದ್ರ ಅವನಿಗೆ ಅಪ್ಪನ ಮಾತು ಮೀರು ಅಂತ ನಾ ಹೇಳಂಗಿಲ್ಲ. ಮೀರಿದ್ರ ಅಂವ ಅಂವ ಆಗಿ ಇರಂಗಿಲ್ಲ," ಎಂದಳು, ಅಷ್ಟೇ.

ನಾನು ಸುಮಿತ್ರಾಳ ಮುಂದೆ ನನ್ನ ವಾದ ಮಂಡಿಸಿದೆ. ನಮ್ಮದು ಸಾವಿರ ವರ್ಷದ ಪದ್ಧತಿ, ಇವರ್ಯಾರು ಕೇಳುವುದಕ್ಕೆ. ಮಗಳು ಜಾಣೆಯಾಗಿದ್ದಾಳೆ, ಕೈಕಾಲು ನೆಟ್ಟಗಿವೆ. ಅಜ್ಜಿಯೇ ಅತ್ತೆಯ ಜಾಗದಲ್ಲಿದ್ದರೆ ಸೊಸೆಗೆ ಎಂಥ ಸುಖ. ಸುಮಿತ್ರಾ ಜೋಳದ ಹಿಟ್ಟು ಸಿಗದೆ ಗೋಧಿ ಹಿಟ್ಟು ನಾದುತ್ತಿದ್ದಳು.

"ನಾ ಸಣ್ಣಾಕಿ ಇದ್ದಾಗ ನೀವು ನನ್ನ ಹೆಗಲ ಮ್ಯಾಲ ಕೂಡ್ರಿಸಿಕೊಂಡು ಉಗಾರದ ಹೊಳಿಗೆ ಒಯ್ಯತಿದ್ರಿ. ನಾ ಮಾಮಾ ಅಂತಿದ್ದೆ," ಎಂದಳು.

"ಹೌದು, ಅಂತಿದ್ದಿ. ಅದಕ್ಕೇನೀಗ?"

"ಏನಿಲ್ಲ, ನೆನಪಾತು."

ನನಗೆ ಬೇರೆಯದೂ ನೆನಪಾಯಿತು. ಆಗ ನನಗೆ ಇಪ್ಪತ್ತೇಳು, ಅವಳಿಗೆ ಹದಿನೆಂಟು ತುಂಬಿತ್ತು. ಅವಳು ಅಥಣಿಯ ಕಾಲೇಜಿನಲ್ಲಿ ಪಿಯುಸಿ ಮುಗಿಸಿ, ಮಿರಜಕ್ಕೆ ಹೋಗಿ ನರ್ಸಿಂಗ್ ಕಲಿಯುತ್ತೇನೆ ಎಂದು ಅರ್ಜಿ ತರಿಸಿಕೊಂಡಿದ್ದಳು. ನನ್ನ ಅವ್ವ ಶೇಡಬಾಳಕ್ಕೆ ಹೋಗಿ ಒಂದು ಮಧ್ಯಾಹ್ನ ಅಕ್ಕನೊಂದಿಗೆ ಮಾತಾಡಿ ಬಂದಳು. ಕೆಲಸ ಮುಗಿಯಿತು. ಅರ್ಜಿ ಏನಾಯಿತೋ ನಾನು ಕೇಳಲಿಲ್ಲ. ನಾನು ಬರೆಯುವ ಪ್ರತಿ ಖರೀದಿ ಪತ್ರದಲ್ಲೂ, ಹಿಸ್ಸೆ ಪತ್ರದಲ್ಲೂ, "ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ" ಎಂಬ ಒಂದು ಸಾಲು ಬರುತ್ತದೆ. ಅದಿಲ್ಲದೆ ಹೋದರೆ ಅರ್ಧ ಗುಂಟೆ ನೆಲವೂ ಕೈ ಬದಲಾಗುವುದಿಲ್ಲ. ಆ ಕಂಬಳಿಗಳೊಳಗೆ ಕೂತು ಇದನ್ನೆಲ್ಲ ಯೋಚಿಸಲು ಬೇಕಾದಷ್ಟು ಸಮಯವಿತ್ತು. ನನ್ನ ಬಾಯಿಂದ ಬಿದ್ದ ಒಂದು ಮಾತಿಗೆ ಮಗಳ ಮದುವೆ ಮುರಿಯುತ್ತದೆಂಬ ಭಯವೂ ಜೊತೆಗಿತ್ತು.

ಎರಡನೆಯ ದಿನ ಸಂಜೆ ದಾವಿತ್ ಸುದ್ದಿ ತಂದ. ಪಾದ್ರಿ ಅಲ್ಲ, ಅಪ್ಪ ಅಲ್ಲ, ಅಪ್ಪನ ತಾಯಿ, ಅಜ್ಜಿ ನಮ್ಮನ್ನು ನೋಡಬೇಕು ಎಂದಿದ್ದಾಳೆ.

ಬೆಕೆಲೆಯವರ ಹಳ್ಳಿ

ಊರಿನಿಂದ ಒಂದು ತಾಸಿನ ದಾರಿ. ಕಲ್ಲು ಗೋಡೆಯ ಮನೆಗಳು, ಗೋಡೆಯ ಮೇಲೆ ತಟ್ಟಿದ ಸಗಣಿಯ ಕುಳ್ಳು. ಸುಮಿತ್ರಾ ಹತ್ತಿರ ಹೋಗಿ ನೋಡಿ, ಬೆರಳಚ್ಚು ನಮ್ಮ ಹಾಗೆಯೇ ಇದೆ ಎಂದಳು. ಮೂರು ದಿನದ ಮೇಲೆ ಆಕೆಯ ಮುಖದಲ್ಲಿ ಗೆಲುವು ಕಂಡಿತು.

ಒಳಗೆ ಮಣ್ಣಿನ ಕಟ್ಟೆಯ ಮೇಲೆ ಮುದುಕಿ ಕೂತಿದ್ದಳು, ಉಣ್ಣೆ ನೂಲುತ್ತ. ಕಣ್ಣು ಮಬ್ಬು, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಹುಡುಗಿಯೊಬ್ಬಳು ಹಸಿ ಕಾಫಿಬೀಜ ಹುರಿಯುತ್ತಿದ್ದಳು; ಹೊಗೆಯನ್ನು ಕೈಯಿಂದ ನಮ್ಮ ಕಡೆ ಬೀಸಿದಳು, ಮೂಗಿಗೆ ಮೊದಲು ಕೊಡಬೇಕಂತೆ. ಬೆಕೆಲೆ ಬಾಗಿಲಿಗೆ ಒರಗಿ ನಿಂತಿದ್ದರು. ತನ್ನ ಸ್ವಂತ ಮನೆಯಲ್ಲೂ ಆ ಮನುಷ್ಯ ಕೂತಿರಲಿಲ್ಲ. ಪಾದ್ರಿ, ಮಾಸ್ತರು ಬೆಂಚಿನ ಮೇಲಿದ್ದರು.

ಮುದುಕಿ ಸುಮಿತ್ರಾಳನ್ನು ತನ್ನ ಪಕ್ಕಕ್ಕೆ ಕರೆದು, ಇಳಕಲ್ಲ ಸೀರೆಯ ಸೆರಗನ್ನು ಬೆರಳಲ್ಲಿ ಉಜ್ಜಿ ನೂಲಿನ ಗುಣ ನೋಡಿದಳು. ಆಮೇಲೆ ಮಗನತ್ತ ಗದ್ದ ತಿರುಗಿಸಿ ಮಾತಾಡತೊಡಗಿದಳು. ಅಶ್ವಿನಿ ಸಾಲು ಸಾಲಾಗಿ ಹೇಳುತ್ತ ಬಂದಳು.

"ಇವನಕಿಂತ ಮೊದಲ ಎರಡ ಕೂಸು ಹುಟ್ಟಿ ಸತ್ತು ಹೋದ್ವು ಅಂತ. ಇಂವ ಹುಟ್ಟಿದಾಗ ಆಕಿ ಹೆಸರ ಇಡಲಿಲ್ಲಂತ. ಯಾರು ಕೇಳಿದ್ರೂ, ತಡೀರಿ ಅಂದ್ಲಂತ. ಒಂದು ಮಳಿಗಾಲ ಕಳದು, ಇಂವ ಗ್ವಾಡಿ ಹಿಡದು ನಿಂತ ದಿನ ಬೆಕೆಲೆ ಅಂದ್ಲಂತ."

ನಾನು ಕಬ್ಬಿನವನು. ಬೀಜದ ತುಂಡುಗಳನ್ನು ಮಣ್ಣಿಗಿಟ್ಟು, ಹತ್ತು ಹನ್ನೆರಡು ದಿನ ಕಣ್ಣು ಒಡೆದೀತೋ ಕೊಳೆತೀತೋ ಎಂದು ಸಾಲುಗಳಲ್ಲಿ ಬಗ್ಗಿ ನೋಡುತ್ತ ಅಡ್ಡಾಡಿದ್ದೇನೆ. ಈ ಒಂದು ಹೆಸರಿಗೆ ನನಗೆ ಅನುವಾದ ಬೇಕಾಗಿರಲಿಲ್ಲ. ನಾನು ಬೆಕೆಲೆಯವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಎಷ್ಟು ಸಲ ಕೇಳಿದ್ದರೋ ಈ ಕಥೆಯನ್ನು.

ಆಗ ಮುದುಕಿ ಕದಿರು ನಿಲ್ಲಿಸಿದಳು. ಸುಮಿತ್ರಾಳ ಮಣಿಕಟ್ಟು ಹಿಡಿದು ಒಂದು ಸಣ್ಣ ಪ್ರಶ್ನೆ ಕೇಳಿದಳು.

ಅಶ್ವಿನಿ ನನ್ನ ಕಡೆ ನೋಡಿ, ತಾಯಿಯ ಕಡೆ ತಿರುಗಿದಳು. "ಅವ್ವಾ, ಮಾವಗ ಕೊಡೂ ಮುಂದ ನಿನ್ನ ಕೇಳಿದ್ರೇನು ಅಂತ ಕೇಳಾಕತ್ತಾರ."

ಇಡೀ ಮನೆ ಸುಮಿತ್ರಾಳನ್ನು ನೋಡಿತು. ಹೌದು ಎಂದರೆ ಸಾಕು, ಎಲ್ಲ ಸುಸೂತ್ರವಾಗುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಅವಳಿಗೂ ಅದು ಗೊತ್ತಿರಬೇಕು. ಅವಳು ನನ್ನ ಕಡೆ ನೋಡಲಿಲ್ಲ.

"ಇಲ್ಲ. ಯಾರೂ ಕೇಳಲಿಲ್ಲ."

ಅಶ್ವಿನಿ ಅನುವಾದ ಮಾಡದೆ ನನ್ನ ಕಡೆ ತಿರುಗಿದಳು.

"ಹೇಳ ಅವ್ವಿ," ಎಂದಳು ಸುಮಿತ್ರಾ. "ಸುಳ್ಳ ಹೇಳಾಕ ಇಷ್ಟ ದೂರ ಬಂದಿಲ್ಲ ನಾ. ಇದ್ದಿದ್ದ ಇದ್ದಂಗ ಹೇಳು."

ಅಶ್ವಿನಿ ಹೇಳಿದಳು. ಆ ಭಾಷೆಯಲ್ಲಿ ಅದು ಇನ್ನೂ ಗಿಡ್ಡ ಮಾತು. ನಾನು ಬಾಂಡ್ ರೈಟರ್. ಎದುರಾಳಿಯ ಹೇಳಿಕೆ ಕೇಳಿ ಮುಖ ಬದಲಾಯಿಸದೆ ಕೂಡುವುದು ಕಲಿತವನು. ಅಂದು ಆ ವಿದ್ಯೆ ಕೈಕೊಟ್ಟಿತು. ಮೂವತ್ತನಾಲ್ಕು ವರ್ಷ ಒಂದೇ ಮನೆಯಲ್ಲಿದ್ದು, ನನ್ನ ಹೆಂಡತಿಯನ್ನು ಈ ಮಾತು ಕೇಳಿದವಳು ಕಡಲಾಚೆಯ ಮುದುಕಿ ಎಂದು ನನಗೆ ನಾಚಿಕೆಯಾಯಿತು. ತುಂಬ ನಾಚಿಕೆಯಾಯಿತು.

ಮುದುಕಿ ತಲೆಯಾಡಿಸಿದಳು. ಮಗನಿಗೆ ಹೇಳಿದ್ದು ಅಶ್ವಿನಿಯ ಬಾಯಲ್ಲಿ ನಮಗೆ ಬಂತು: "ನಾ ಇನ್ನೂ ಹುಡುಗರ ಜೊತಿ ಆಡಾಕಿ ಇದ್ದೆ, ನನ್ನ ಕೊಟ್ಟರು. ಏಳ ಮನಿ ಬರೋಬ್ಬರಿ ಎಣಿಸಿದ್ರು. ಒಂದೂ ತಪ್ಪಲಿಲ್ಲ. ನನ್ನ ಮಾತ್ರ ಕೇಳಲಿಲ್ಲ."

ಪಾದ್ರಿ ಗಡ್ಡ ನೀವಿಕೊಂಡರು. ಬೆಕೆಲೆ ಏನೋ ಹೇಳಲು ಹೊರಟರು, ಮುದುಕಿ ಕೈ ಎತ್ತಿದಳು. ಕದಿರನ್ನು ಅಶ್ವಿನಿಯ ಕಡೆ ಚಾಚಿ ಇನ್ನೊಂದು ಪ್ರಶ್ನೆ ಹಾಕಿದಳು. ಈ ಸಲ ಅಶ್ವಿನಿ ನಮಗೆ ಅನುವಾದಿಸಲಿಲ್ಲ, ನೇರವಾಗಿ ಅವರ ಭಾಷೆಯಲ್ಲೇ ಉತ್ತರ ಕೊಟ್ಟಳು. ಮಾಸ್ತರು ಮೊದಲು ನಕ್ಕರು. ಪಾದ್ರಿ ನಕ್ಕರು. ಕಾಫಿ ಹುರಿಯುವವಳು ಬೀಜ ಚೆಲ್ಲಿದಳು.

"ಏನಂದ್ಲೋ?" ಎಂದು ದಾವಿತ್‌ನನ್ನು ಕೇಳಿದೆ.

ದಾವಿತ್ ಕಿವಿಯವರೆಗೆ ಕೆಂಪಾಗಿದ್ದ. "ನಿನ್ನ ಕೇಳಿದ್ರೇನು ಅಂತ ಅಜ್ಜಿ ಕೇಳಿದ್ಲರಿ. ನನ್ನ ಯಾರೂ ಕೇಳಿಲ್ಲ, ನಾನ ಅವನ್ನ ಕೇಳೇನಿ ಅಂದ್ಲರಿ. ಎರಡ ಸಲ ಕೇಳಬೇಕಾತು ಅಂದ್ಲರಿ."

ಬೆಕೆಲೆ ಬಾಗಿಲು ಬಿಟ್ಟು ಬಂದರು. ತಾಯಿಯ ಕಾಲ ಹತ್ತಿರ ಒಂದು ಗಿಡ್ಡ ಸ್ಟೂಲು ಎಳೆದುಕೊಂಡು, ಒಮ್ಮೆ ನನ್ನನ್ನು ನೋಡಿ, ಕೂತರು. ಅದೇ ಒಪ್ಪಿಗೆ ಎಂದು ಯಾರೂ ನನಗೆ ಹೇಳಬೇಕಾಗಲಿಲ್ಲ. ಆಮೇಲೆ ಊಟ. ಅಲ್ಲಿ ಪ್ರೀತಿಯಿದ್ದವರ ಬಾಯಿಗೆ ತುತ್ತು ಇಡುವ ಪದ್ಧತಿ, ಒಂದಕ್ಕೆ ನಿಲ್ಲಿಸುವಂತಿಲ್ಲ. ಮುದುಕಿ ಸುಮಿತ್ರಾಳ ಬಾಯಿಗೆ ಮೂರು ತುತ್ತು ಇಟ್ಟಳು, ಮೂರೂ ಅಂಗೈಯಗಲದವು. ಸುಮಿತ್ರಾಳ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದು ಹೇಳಿದಳು, ಆದರೆ ಆ ಖಾರ ನಮ್ಮ ಮನೆಯ ಖಾರದ ಕಾಲಭಾಗವೂ ಇರಲಿಲ್ಲ.

ಹೊರಗೆ ಬಂದು ಕಾರಿನ ಕಡೆ ನಡೆಯುವಾಗ ನಾವಿಬ್ಬರೇ ಸ್ವಲ್ಪ ಹಿಂದೆ ಉಳಿದೆವು. ಕಲ್ಲಿನ ದಾರಿ, ಆಕೆ ಸೀರೆಯ ನೆರಿಗೆ ಎತ್ತಿ ಹಿಡಿದಿದ್ದಳು.

"ಸುಮಿ, ಆಗ ಕೇಳಿದ್ರ ಏನ ಅಂತಿದ್ದಿ?"

ಆಕೆ ನಿಂತಳು. "ಈಗ ಕೇಳಾಕತ್ತೀರೇನ್ರಿ?"

"ಹೂಂ. ಕೇಳಾಕತ್ತೇನಿ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕಿವಿಟೋಪಿ, ಮಫ್ಲರ್, ಎರಡು ಸ್ವೆಟರ್. ಹದಿನೆಂಟರ ಹುಡುಗಿ ವರನನ್ನು ನೋಡಬೇಕಾದ ಹಾಗೆ, ಅವಸರವಿಲ್ಲದೆ ನೋಡಿದಳು.

"ವಿಚಾರ ಮಾಡಿ ಹೇಳತೇನಿ," ಎಂದು ಮುಂದೆ ನಡೆದಳು.

ಚಿಕ್ಕೋಡಿ

ಮದುವೆ ಮುಗಿಸಿಕೊಂಡು ಬಂದು ನಾಲ್ಕು ತಿಂಗಳಾಯಿತು. ಸುಮಿತ್ರಾ ಬೆಳಿಗ್ಗೆ ರೊಟ್ಟಿ ಬಡಿಯುತ್ತಾಳೆ, ಮಧ್ಯಾಹ್ನ ನನ್ನ ಡಬ್ಬಿ ಕಟ್ಟುತ್ತಾಳೆ, ಸಂಜೆ ಮಗಳಿಗೆ ಫೋನ್ ಮಾಡಿ ಅರ್ಧ ತಾಸು ನಗುತ್ತಾಳೆ. ನಾನು ಮನೆಗೆ ಬಂದು ಚಪ್ಪಲಿ ಬಿಡುವಾಗ ಒಮ್ಮೆ ಅವಳ ಮುಖ ನೋಡುತ್ತೇನೆ. ಅವಳಿಗೆ ಏಕೆ ನೋಡಿದೆನೆಂದು ಗೊತ್ತಾಗುತ್ತದೆ.

ಇನ್ನೂ ಹೇಳಿಲ್ಲ.